ಅಂಗಿ ಹಡಗು ಹತ್ತಿತು, ಉಪ್ಪು ಊರಲ್ಲೇ ಉಳಿಯಿತು

ನೀರು ಬಿಡಬೇಡಿ ಎಂಬ ಕೂಗು ಕಾವೇರಿ ಕಣಿವೆಯ ಕನ್ನಡಿಗರಿಗೆ ಹೊಸದೇನಲ್ಲ. ಮಳೆ ಕೈಕೊಟ್ಟ ವರ್ಷ ಮಂಡ್ಯದ ಹೆದ್ದಾರಿಯಲ್ಲಿ ಕೂತ ರೈತ ಹಾಗೆ ಕೂಗುತ್ತಾನೆ, ಕನ್ನಂಬಾಡಿಯ ನೀರು ತನ್ನ ಗದ್ದೆಗೆ ಬೇಕು ಎಂದು. 1990ರ ದಶಕದ ಕೊನೆಯಲ್ಲಿ ಅದೇ ಕಣಿವೆಯ ಕೆಳಭಾಗದಲ್ಲಿ, ತಮಿಳುನಾಡಿನ ಕರೂರು ಕಡೆಯ ರೈತರೂ ಅದೇ ಮಾತು ಹೇಳಿದರು. ಅವರ ಸಂಕಟವೇ ಬೇರೆ. ತಮ್ಮ ಹೊಲಕ್ಕೆಂದು ಸರ್ಕಾರ ಕಟ್ಟಿಸಿದ ಅಣೆಕಟ್ಟಿನ ನೀರು ತಮ್ಮ ಹೊಲದತ್ತ ಸುಳಿಯುವುದೇ ಬೇಡ ಎಂದು ಅವರು ಅರ್ಜಿ ಹಿಡಿದು ಅಲೆದರು. ಅತ್ತ ಅಣೆಕಟ್ಟಿನ ಸುತ್ತಲಿನ ಹಳ್ಳಿಯವರಿಗೆ ಆ ನೀರು ಅಲ್ಲಿ ನಿಲ್ಲುವುದೂ ಬೇಕಿರಲಿಲ್ಲ. ನಿಂತ ನೀರು ಇಂಗಿ ಅವರ ಬಾವಿಗಳಿಗೆ ಇಳಿಯುತ್ತಿತ್ತು. ಬಿಟ್ಟರೆ ಕೆಳಗಿನವರ ಪೈರು ಹಾಳು, ಹಿಡಿದಿಟ್ಟರೆ ಪಕ್ಕದವರ ಬಾವಿ ಹಾಳು.

ಅಣೆಕಟ್ಟಿನ ಹೆಸರು ಒರತ್ತುಪಾಳಯಂ. ನದಿ ನೊಯ್ಯಲ್. ಅದರ ದಂಡೆಯ ಊರು ತಿರುಪ್ಪೂರು. ನಮ್ಮಲ್ಲಿ ಬನಿಯನ್ ತೊಡುವ ಯಾರಿಗೂ ಆ ಊರಿನ ಋಣ ತಪ್ಪಿದ್ದಲ್ಲ. ಯುರೋಪು ಅಮೆರಿಕಗಳಲ್ಲಿ ಟೀ ಶರ್ಟ್ ತೊಡುವ ಕೋಟ್ಯಂತರ ಜನರಿಗೂ ಅಷ್ಟೇ, ಅವರಿಗೆ ಊರಿನ ಹೆಸರು ಗೊತ್ತಿಲ್ಲದಿರಬಹುದು.

ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟಸಾಲಿನಲ್ಲಿ ಹುಟ್ಟುವ ನೊಯ್ಯಲ್, ಪೂರ್ವಕ್ಕೆ 150 ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಕರೂರು ಜಿಲ್ಲೆಯಲ್ಲಿ ಕಾವೇರಿಗೆ ಸೇರುತ್ತದೆ. ತುಂಬಿ ಹರಿಯುವ ನದಿಯೇನಲ್ಲ. ಘಟ್ಟದ ತಪ್ಪಲಲ್ಲಿ ಮಳೆ ಚೆನ್ನಾಗಿ ಸುರಿದರೂ, ಕೊಯಮತ್ತೂರು ದಾಟಿದ ಮೇಲೆ ಮಳೆನೆರಳಿನ ಒಣನಾಡು. ಹಿಂದಿನವರು ಇದನ್ನು ಬಲ್ಲವರಾಗಿದ್ದರಿಂದಲೇ ದಾರಿಯುದ್ದಕ್ಕೂ ಅಣೆಗಳನ್ನು ಹಾಕಿ, ಕೆರೆಗಳಿಗೆ ನೀರು ತಿರುಗಿಸಿ, ಬಂದಷ್ಟನ್ನು ಹಿಡಿದಿಡುತ್ತಿದ್ದರು. ಈ ಕೊಂಗುನಾಡು 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರು ಕೊಯಮತ್ತೂರು, ಸೇಲಂ ಕಡೆ ಇಂದಿಗೂ ಇದ್ದಾರೆ. ಕಪ್ಪುಮಣ್ಣಿನ ಹತ್ತಿ, ಬಾವಿ ನೀರಾವರಿಯ ತೋಟ, ಗಟ್ಟಿಮುಟ್ಟಾದ ಕಾಂಗೇಯಂ ದನಗಳು, ಇದು ಆ ಸೀಮೆಯ ಹಳೆಯ ಬದುಕು.

ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ತಿರುಪ್ಪೂರು ಖಾದಿಯ ದೊಡ್ಡ ಕೇಂದ್ರ. 1932ರ ಜನವರಿಯಲ್ಲಿ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದಾಗ, ಹಿಡಿದ ಬಾವುಟವನ್ನು ನೆಲಕ್ಕೆ ಬೀಳಗೊಡದೆ ಪ್ರಾಣ ಬಿಟ್ಟ ಕುಮಾರನ್ ಈ ಊರಿನವನೆಂದೇ ಹೆಸರಾದವನು. ಹೆಣಿಗೆ ಯಂತ್ರಗಳು ಊರಿಗೆ ಬಂದದ್ದೂ ಹೆಚ್ಚು ಕಡಿಮೆ ಅದೇ ಹೊತ್ತಿನಲ್ಲಿ. ಮೊದಲ ನಾಲ್ಕೈದು ದಶಕ ಅಲ್ಲಿ ತಯಾರಾದದ್ದು ಬಿಳಿ ಬನಿಯನ್, ದೇಶದೊಳಗಿನ ಮಾರುಕಟ್ಟೆಗೆ. ಹತ್ತಿ ದಾರವನ್ನು ಯಂತ್ರಕ್ಕೆ ಕೊಟ್ಟು ಬಟ್ಟೆ ಹೆಣೆದು, ಬ್ಲೀಚಿಂಗ್ ಪೌಡರಿನಲ್ಲಿ ಬಿಳಿ ಮಾಡಿ, ಹೊಲಿದು, ಪೆಟ್ಟಿಗೆಗೆ ತುಂಬಿದರೆ ಮುಗಿಯಿತು. ಆ ಬ್ಲೀಚಿನ ನೀರೂ ಹೊಳೆಗೇ ಹೋಗುತ್ತಿತ್ತು. ಆದರೆ ಘಟಕಗಳು ಕೆಲವೇ, ಮಳೆಗಾಲದ ಹರಿವು ಅದನ್ನು ತೊಳೆದುಕೊಂಡು ಹೋಗುವಷ್ಟಿತ್ತು.

ಈ ಉದ್ಯಮ ಹಿಡಿದವರಲ್ಲಿ ಬಹುಪಾಲು ಮಂದಿ ಸುತ್ತಲಿನ ಹಳ್ಳಿಗಳಿಂದ ಬಂದ ಗೌಂಡರ್ ರೈತರು. ಮೊದಲು ಕೂಲಿಗೆ ಸೇರಿ, ಆಮೇಲೆ ಅಣ್ಣತಮ್ಮಂದಿರ, ನೆಂಟರ ಜೊತೆ ಪಾಲುದಾರಿಕೆಯಲ್ಲಿ ಒಂದೆರಡು ಯಂತ್ರ ಹಾಕಿಕೊಂಡು ಮಾಲೀಕರಾದವರು. ಅಮೆರಿಕದಲ್ಲಿ ಕಲಿತ ಭೂಗೋಳಶಾಸ್ತ್ರಜ್ಞ ಶರದ್ ಚಾರಿ 2004ರಲ್ಲಿ ಈ ಊರಿನ ಬಗ್ಗೆ ಪುಸ್ತಕವನ್ನೇ ಬರೆದರು. ಮೈಮುರಿದು ದುಡಿದೇ ಮೇಲೆ ಬಂದೆವು ಎಂದು ಮಾಲೀಕರು ಹೇಳಿಕೊಳ್ಳುವ ಕಥೆಯನ್ನು ಅವರು ತಳ್ಳಿಹಾಕಲಿಲ್ಲ. ಹೊಲದಲ್ಲಿ ಆಳುಗಳನ್ನು ದುಡಿಸಿಕೊಳ್ಳುತ್ತಿದ್ದ ಹಳೆಯ ಪಟ್ಟುಗಳು ಕಾರ್ಖಾನೆಯೊಳಗೆ ಹೇಗೆ ಬಂದವು ಎಂಬುದನ್ನೂ ತೋರಿಸಿದರು. ಈ ಏಳಿಗೆಯಲ್ಲಿ ರಫ್ತು ಸಬ್ಸಿಡಿ, ಕೋಟಾ ಪದ್ಧತಿ, ಹೆಂಗಸರ ಅಗ್ಗದ ದುಡಿಮೆ ಇವುಗಳ ಪಾಲೇ ದೊಡ್ಡದು ಎನ್ನುವವರೂ ಇದ್ದಾರೆ. ಈ ವಾದದಲ್ಲಿ ಯಾವ ಕಡೆ ನಿಂತರೂ ಒಂದು ಮಾತು ಉಳಿಯುತ್ತದೆ. ಹೊಳೆಯನ್ನು ಕೆಡಿಸಿದವರು ಎಲ್ಲಿಂದಲೋ ಬಂದ ಪರಕೀಯರಲ್ಲ. ಹೊಳೆಯನ್ನು ಕಳೆದುಕೊಂಡ ರೈತರ ಜಾತಿಯವರೇ, ಎಷ್ಟೋ ಸಲ ಬಂಧುಗಳೇ.

ತಿರುವು ಬಂದದ್ದು 1978ರಲ್ಲಿ. ಮುಂಬೈಯ ರಫ್ತುದಾರರ ಮೂಲಕ ವೆರೋನಾ ಎಂಬ ಇಟಲಿಯ ಆಮದುದಾರ ತಿರುಪ್ಪೂರಿಗೆ ಬಂದ. ಅವನಿಗೆ ಬೇಕಿದ್ದದ್ದು ಬಿಳಿ ಟೀ ಶರ್ಟು. ಅದರ ಬೆನ್ನಿಗೇ, 1981ರ ಸುಮಾರಿಗೆ, ಯುರೋಪಿನ ದೊಡ್ಡ ಮಳಿಗೆ ಸರಪಳಿ ಸಿ ಅಂಡ್ ಎ ಬಂತು. ಅಂತಾರಾಷ್ಟ್ರೀಯ ಜವಳಿ ವ್ಯಾಪಾರಕ್ಕೆ ಆಗ ಬಹುತಂತು ಒಪ್ಪಂದದ ಕಡಿವಾಣವಿತ್ತು. 1974ರಿಂದ 2004ರ ಕೊನೆಯವರೆಗೆ ಯಾವ ದೇಶ ಎಷ್ಟು ಬಟ್ಟೆ ಕಳಿಸಬೇಕು ಎಂಬುದನ್ನು ಕೊಳ್ಳುವ ಶ್ರೀಮಂತ ದೇಶಗಳು ಕೋಟಾ ಹಾಕಿ ನಿಗದಿ ಮಾಡುತ್ತಿದ್ದವು. ಭಾರತಕ್ಕೆ ಸಿಕ್ಕ ಪಾಲಿನಲ್ಲಿ ತಿರುಪ್ಪೂರು ತನ್ನ ತುತ್ತನ್ನು ವರ್ಷ ವರ್ಷವೂ ದೊಡ್ಡದು ಮಾಡಿಕೊಂಡಿತು. 1980ರ ದಶಕದ ಮಧ್ಯದಲ್ಲಿ ಹದಿನೈದು ಕೋಟಿ ರೂಪಾಯಿಯ ಆಸುಪಾಸಿನಲ್ಲಿದ್ದ ರಫ್ತು, 2006–07ರ ಹೊತ್ತಿಗೆ ಸುಮಾರು 11,000 ಕೋಟಿ ಮುಟ್ಟಿತ್ತು. 1990ರಲ್ಲಿ ಎ. ಶಕ್ತಿವೇಲ್ ಅವರ ಮುಂದಾಳುತನದಲ್ಲಿ ರಫ್ತುದಾರರ ಸಂಘವೂ ಕಟ್ಟಿಕೊಂಡಿತು. ದೆಹಲಿಯ ಮಂತ್ರಿಗಳು ಊರಿನ ಹೆಸರನ್ನು ಭಾಷಣಗಳಲ್ಲಿ ಹೇಳತೊಡಗಿದರು.

ಕೋಟಿಗಳ ಲೆಕ್ಕದ ಮಧ್ಯೆ ಕಣ್ತಪ್ಪಿ ಹೋಗುವ ಸಂಗತಿ ಒಂದುಂಟು. ಬಿಳಿ ಬನಿಯನ್ನಿನ ಊರು ಬಣ್ಣದ ಊರಾಯಿತು. ಹೊಳೆಯ ಹಣೆಬರಹ ಬರೆದದ್ದು ಅದು.

ಹತ್ತಿ ಬಟ್ಟೆಗೆ ಬಣ್ಣ ಹಿಡಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಗ್ಗುಲು ಎತ್ತರಿಸಿದ ತೊಟ್ಟಿಯ ಮೇಲೆ ದೊಡ್ಡ ರಾಟೆ ತಿರುಗುತ್ತದೆ. ಹಗ್ಗದಂತೆ ಸುತ್ತಿಕೊಂಡ ಬಟ್ಟೆ ಅದರ ಮೇಲೆ ಹತ್ತಿ, ಕೆಳಗಿನ ಬಿಸಿನೀರಿಗೆ ಇಳಿದು, ಮತ್ತೆ ಹತ್ತುತ್ತದೆ. ಹಳೆಯ ಘಟಕಗಳಲ್ಲಿದ್ದ ವಿಂಚ್ ಎಂಬ ಯಂತ್ರ ಇದು. ಮೊದಲು ಕಾಸ್ಟಿಕ್ ಸೋಡಾ ಹಾಕಿ ಹತ್ತಿಯ ಮೇಣ ಬಿಡಿಸಬೇಕು. ಆಮೇಲೆ ಬ್ಲೀಚ್, ಆಮೇಲೆ ತೊಳೆತ, ಹುಳಿ ಹಾಕಿ ಸಮ ಮಾಡುವುದು, ಮತ್ತೆ ತೊಳೆತ. ಅದಾದ ಮೇಲೆ ಬಣ್ಣ. ಇವತ್ತು ಹತ್ತಿಗೆ ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣಗಳು ನೀರಲ್ಲಿ ಸುಲಭವಾಗಿ ಕರಗುತ್ತವೆ. ಆದರೆ ಬಟ್ಟೆಯತ್ತ ತಾವಾಗಿ ಹೋಗುವುದಿಲ್ಲ. ನೀರಿನಲ್ಲಿ ಹತ್ತಿಯ ಎಳೆಗೂ ಬಣ್ಣದ ಕಣಕ್ಕೂ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಅವು ಪರಸ್ಪರ ದೂರ ತಳ್ಳುತ್ತವೆ. ಈ ಜಗಳ ಬಿಡಿಸಲು ಉಪ್ಪು ಬೇಕು. ಅಡುಗೆ ಉಪ್ಪೇ ಆಗಲಿ, ಗ್ಲಾಬರ್ ಲವಣವೇ ಆಗಲಿ, ಮೂಟೆಗಟ್ಟಲೆ ಸುರಿದ ಮೇಲೆ ಬಣ್ಣ ನೀರು ಬಿಟ್ಟು ಬಟ್ಟೆಗೆ ಹತ್ತುತ್ತದೆ. ಕೊನೆಗೆ ಸೋಡಾ ಬೂದಿ ಹಾಕಿದರೆ ಕಚ್ಚಿಕೊಳ್ಳುತ್ತದೆ.

ಕಡುನೀಲಿ, ಕಪ್ಪು, ಕೆಂಪುಗಳಿಗೆ ಲೀಟರ್ ನೀರಿಗೆ 60ರಿಂದ 80 ಗ್ರಾಂ ಉಪ್ಪು ಹಾಕುವುದು ವಾಡಿಕೆ. ಒಂದು ಕಿಲೋ ಬಟ್ಟೆಗೆ ಹತ್ತು ಲೀಟರ್ ನೀರು ಎಂದು ಹಿಡಿದರೂ ಅರ್ಧ ಕಿಲೋಗಿಂತ ಹೆಚ್ಚು ಉಪ್ಪಾಯಿತು. ಹಳೆಯ ವಿಂಚ್‌ಗೆ ಅದಕ್ಕಿಂತ ಹೆಚ್ಚು ನೀರು, ಹೆಚ್ಚು ಉಪ್ಪು. 200 ಗ್ರಾಂ ತೂಗುವ ಕಪ್ಪು ಟೀ ಶರ್ಟೊಂದರ ಪಾಲಿಗೆ ನೂರು ಗ್ರಾಂ ಮೀರಿದ ಉಪ್ಪು ಬರುತ್ತದೆ. ಆ ಉಪ್ಪಿನಲ್ಲಿ ಒಂದು ಹರಳೂ ಅಂಗಿಯಲ್ಲಿ ಉಳಿಯುವುದಿಲ್ಲ, ಉಳಿಯಲೂಬಾರದು. ಬಣ್ಣವನ್ನು ಬಟ್ಟೆಗೆ ಮುಟ್ಟಿಸಿ, ತಾನು ನೀರಿನೊಂದಿಗೆ ಮೋರಿಗೆ ಇಳಿಯುವುದಷ್ಟೇ ಅದರ ಕೆಲಸ. ಬಟ್ಟೆಗೆ ಹತ್ತದೆ ಉಳಿದ ಬಣ್ಣವೂ ಅದರ ಹಿಂದೆಯೇ ಹೋಗುತ್ತದೆ.

ಹೊಳೆ ಕೆಂಪಾಗಿ, ನೇರಳೆಯಾಗಿ ಹರಿಯುವ ಚಿತ್ರಗಳನ್ನು ಪತ್ರಿಕೆಗಳು ಅಚ್ಚು ಹಾಕಿದವು. ನೋಡಿದವರು ಬೆಚ್ಚಿದರು. ನಿಜವಾದ ಅಪಾಯ ಇದ್ದದ್ದು ಕಣ್ಣಿಗೆ ಕಾಣದ ಉಪ್ಪಿನಲ್ಲಿ. ಬಣ್ಣವನ್ನು ಸುಣ್ಣ, ಫೆರಸ್ ಸಲ್ಫೇಟು ಹಾಕಿ ಕೆಳಗೆ ಕೂರಿಸಬಹುದು. ಕರಗಿದ ಉಪ್ಪನ್ನು ಹಾಗೆ ಕೂರಿಸಲಾಗದು. ಘಟಕಗಳಿಂದ ಹೊರಬೀಳುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 6,000 ಮಿಲಿಗ್ರಾಂ ದಾಟುವುದು ಸಾಮಾನ್ಯವಾಗಿತ್ತು. ಕಾನೂನಿನ ಮಿತಿ 2,100.

ಇನ್ನು ಈ ಕೆಲಸವನ್ನು ಯಾರು ಮಾಡುತ್ತಿದ್ದರು ಎಂಬುದು. ತಿರುಪ್ಪೂರಿನ ರಫ್ತುದಾರ ಒಂದೇ ಸೂರಿನಡಿ ಎಲ್ಲವನ್ನೂ ಮಾಡುವವನಲ್ಲ. ಆರ್ಡರು ಅವನ ಕೈಯಲ್ಲಿ. ದಾರ ಕೊಂಡು ಹೆಣಿಗೆಗೆ ಒಬ್ಬನಿಗೆ ಕೊಟ್ಟ, ಬ್ಲೀಚಿಗೆ ಇನ್ನೊಬ್ಬನಿಗೆ, ಬಣ್ಣಕ್ಕೆ ಮತ್ತೊಬ್ಬನಿಗೆ, ಪ್ರಿಂಟಿಗೆ, ಕಸೂತಿಗೆ, ಕೊನೆಗೆ ಕತ್ತರಿಸಿ ಹೊಲಿಯುವುದಕ್ಕೆ. ಎಲ್ಲವೂ ಜಾಬ್ ವರ್ಕ್. ಡೈಯಿಂಗ್ ಘಟಕದವನಿಗೆ ಬಟ್ಟೆ ತನ್ನದಲ್ಲ, ಬೆಲೆ ನಿಗದಿ ಮಾಡುವ ಅಧಿಕಾರವೂ ತನ್ನದಲ್ಲ. ಕಿಲೋಗೆ ಇಷ್ಟು ಎಂದು ಕೂಲಿ. ಪಕ್ಕದ ಬೀದಿಯವನು ಐವತ್ತು ಪೈಸೆ ಕಡಿಮೆಗೆ ಒಪ್ಪಿದರೆ ಆರ್ಡರು ಅತ್ತ ಹೋಗುತ್ತದೆ. ಯುರೋಪಿನ ಅಂಗಡಿ ವರ್ಷಕ್ಕೆ ಎರಡು ಋತುವಿನ ಬಟ್ಟೆ ಮಾರುತ್ತಿದ್ದ ಕಾಲ ಹೋಗಿ, ಸಣ್ಣ ಸಣ್ಣ ಲಾಟುಗಳಲ್ಲಿ ಬಗೆಬಗೆಯ ಬಣ್ಣ ಬೇಡುವ ಕಾಲ ಬಂತು. ಸಣ್ಣ ಲಾಟನ್ನು ಬೇಗ ಮುಗಿಸಿಕೊಡಬಲ್ಲವನು ಸಣ್ಣ ಘಟಕದವನೇ. 1980ರ ದಶಕದ ಆರಂಭದಲ್ಲಿ ಕೆಲವೇ ಡಜನುಗಳಲ್ಲಿದ್ದ ಡೈಯಿಂಗ್, ಬ್ಲೀಚಿಂಗ್ ಘಟಕಗಳು 1990ರ ದಶಕದ ಕೊನೆಗೆ ಎಂಟು ನೂರು ದಾಟಿದ್ದವು. ಹೆಚ್ಚಿನವು ಹೊಳೆಯ ಮತ್ತು ಅದಕ್ಕೆ ಸೇರುವ ಹಳ್ಳಗಳ ಅಂಚಿನಲ್ಲೇ. ನದಿಯಿಂದ ಒಂದು ಕಿಲೋಮೀಟರ್ ಒಳಗೆ ಇಂಥ ಮಾಲಿನ್ಯದ ಉದ್ಯಮ ಕೂಡದು ಎಂದು ತಮಿಳುನಾಡು ಸರ್ಕಾರ 1989ರ ಮಾರ್ಚಿನಲ್ಲೇ ಆದೇಶ ಹೊರಡಿಸಿತ್ತು. ಆದೇಶ ಕಡತದಲ್ಲಿತ್ತು, ಘಟಕಗಳು ದಂಡೆಯಲ್ಲಿದ್ದವು.

ನೀರು ಎಲ್ಲಿಂದ? ಊರಿನ ಬಾವಿಗಳು ಕೆಟ್ಟಂತೆ, ಸುತ್ತಲಿನ ಹಳ್ಳಿಗಳ ಬಾವಿ ಬೋರ್‌ವೆಲ್‌ಗಳಿಂದ ಟ್ಯಾಂಕರುಗಳು ಹಗಲೂ ರಾತ್ರಿ ನೀರು ಹೊತ್ತವು. ಎಷ್ಟೋ ರೈತರು ಬೆಳೆ ಬಿಟ್ಟು ನೀರನ್ನೇ ಮಾರಿದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ, ಬೆಳೆಗಿಂತ ನೀರಿಗೆ ಬೆಲೆ ಚೆನ್ನಾಗಿ ಸಿಗುವಾಗ ಯಾವ ಸಂಸಾರಸ್ಥ ಬೇಡವೆಂದಾನು. 2005ರ ಹೊತ್ತಿಗೆ, ಭವಾನಿಯ ಬಳಿ ಕಾವೇರಿಯಿಂದಲೇ ಕೊಳವೆಯಲ್ಲಿ ನೀರು ತರುವ, ಸುಮಾರು ಸಾವಿರ ಕೋಟಿ ರೂಪಾಯಿಯ ಖಾಸಗಿ ಪಾಲುದಾರಿಕೆಯ ಯೋಜನೆ ಮುಗಿಯಿತು. ಹೀಗೆ ಕೊಡಗಿನಲ್ಲಿ ಹುಟ್ಟಿದ ಸಿಹಿನೀರು ಕೊಳವೆಯಲ್ಲಿ ತಿರುಪ್ಪೂರಿಗೆ ಬಂದು, ಉಪ್ಪಾಗಿ, ನೊಯ್ಯಲ್ ಮೂಲಕ ಮತ್ತೆ ಕಾವೇರಿಗೇ ಹಿಂತಿರುಗುವ ವ್ಯವಸ್ಥೆ ಪೂರ್ಣವಾಯಿತು.

ಈ ನಡುವೆ ಕೊಳ್ಳುವವರು ಏನೂ ಕೇಳಲಿಲ್ಲ ಎಂದರೆ ಅನ್ಯಾಯವಾದೀತು. ಕೇಳಿದರು. 1994ರಲ್ಲಿ ಜರ್ಮನಿ ಕೆಲವು ಆಜೋ ಬಣ್ಣಗಳನ್ನು ನಿಷೇಧಿಸುವ ಕಾನೂನು ತಂದಿತು. ಮೈಗೆ ತಾಗುವ ಬಟ್ಟೆಯಲ್ಲಿ ಈ ಬಣ್ಣಗಳಿದ್ದರೆ ಅವು ಒಡೆದು ಕ್ಯಾನ್ಸರ್ ತರಬಲ್ಲ ಅಮೀನ್‌ಗಳಾಗುತ್ತವೆ ಎಂಬುದು ಕಾರಣ. ತಿರುಪ್ಪೂರು ಕೆಲವೇ ವರ್ಷಗಳಲ್ಲಿ ಆ ಬಣ್ಣಗಳನ್ನು ಬಿಟ್ಟಿತು. ಪರೀಕ್ಷಾ ಪ್ರಯೋಗಾಲಯಗಳು ಬಂದವು, ಪ್ರಮಾಣಪತ್ರಗಳು ಬಂದವು. ಕೊಳ್ಳುವವನು ಗಟ್ಟಿಯಾಗಿ ಹೇಳಿದರೆ ಈ ಊರು ಎಷ್ಟು ಬೇಗ ಬದಲಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಆ ಪರೀಕ್ಷೆ ಅಂಗಿಯದು, ತೊಡುವವನ ಚರ್ಮದ ಕ್ಷೇಮಕ್ಕಾಗಿ. ಉಪ್ಪು ಅಂಗಿಯ ಜೊತೆ ಹಡಗು ಹತ್ತುವುದಿಲ್ಲವಾದ್ದರಿಂದ ಹ್ಯಾಂಬರ್ಗ್‌ನ ಯಾವ ಪ್ರಯೋಗಾಲಯಕ್ಕೂ ಅದು ಸಿಗುವಂತಿರಲಿಲ್ಲ.

ಒರತ್ತುಪಾಳಯಂ ಅಣೆಕಟ್ಟು ಮುಗಿದದ್ದು 1990ರ ದಶಕದ ಆರಂಭದಲ್ಲಿ. ತಿರುಪ್ಪೂರಿನ ಕೆಳಗೆ, ಆಗಿನ ಈರೋಡು ಜಿಲ್ಲೆಯ ಸ್ವಲ್ಪ ನೆಲಕ್ಕೂ ಕರೂರು ಕಡೆಯ ಹೆಚ್ಚಿನ ನೆಲಕ್ಕೂ, ಒಟ್ಟು ಹತ್ತು ಸಾವಿರ ಎಕರೆಗೂ ಮೇಲ್ಪಟ್ಟ ಅಚ್ಚುಕಟ್ಟಿಗೆ ನೀರುಣಿಸಬೇಕೆಂದು ಅದನ್ನು ಕಟ್ಟಿದ್ದು. ಮೊದಲ ಕೆಲವು ವರ್ಷ ನೀರು ಹರಿಯಿತು, ಜಲಾಶಯದಲ್ಲಿ ಮೀನು ಹಿಡಿದರು. ಯೋಜನೆ ಮಾಡಿದ ಎಂಜಿನಿಯರುಗಳ ನಕ್ಷೆಯಲ್ಲಿದ್ದದ್ದು ಮಳೆಯ ನೀರು. ಅಣೆಕಟ್ಟು ಮುಗಿಯುವ ಹೊತ್ತಿಗೆ ಮಳೆಯಿಲ್ಲದ ತಿಂಗಳುಗಳಲ್ಲಿ ಹೊಳೆಯಲ್ಲಿ ಹರಿಯುತ್ತಿದ್ದದ್ದು ಬಹುಪಾಲು ಡೈಯಿಂಗ್ ನೀರೇ, ಊರಿನ ಚರಂಡಿಯ ನೀರೂ ಸೇರಿದಂತೆ. ಹರಿದು ಹೋಗಬೇಕಿದ್ದುದನ್ನು ಅಣೆಕಟ್ಟು ತಡೆದು ಕೂಡಿಹಾಕಿತು. ಬಿಸಿಲಿಗೆ ನೀರು ಆವಿಯಾದಷ್ಟೂ ಉಳಿದದ್ದು ಗಾಢವಾಯಿತು. ದಿನಕ್ಕೆ ಎಂಟು ಕೋಟಿ ಲೀಟರ್ ಮೀರಿದ ತ್ಯಾಜ್ಯನೀರು ತಿರುಪ್ಪೂರಿನಿಂದ ಇಳಿಯುತ್ತಿದ್ದಾಗ ಅದು ಬೇರೇನಾದೀತು.

1997ರ ಹೊತ್ತಿಗೆ ಆ ನೀರು ಹಾಯಿಸಿದ ಹೊಲಗಳಲ್ಲಿ ಪೈರು ಸುಟ್ಟಂತಾಯಿತು. ಉಪ್ಪುನೀರು ಗಿಡವನ್ನು ಕೊಲ್ಲುವ ರೀತಿ ವಿಚಿತ್ರ. ಬೇರಿನ ಸುತ್ತ ನೀರಿದ್ದರೂ ಗಿಡ ಅದನ್ನು ಹೀರಲಾರದು, ಒದ್ದೆ ನೆಲದಲ್ಲಿ ನಿಂತೇ ಬಾಯಾರಿ ಒಣಗುತ್ತದೆ. ಸೋಡಿಯಂ ತುಂಬಿದ ಮಣ್ಣು ಗಟ್ಟಿಯಾಗಿ, ಮಳೆ ಬಂದರೂ ಇಂಗಿಸಿಕೊಳ್ಳುವುದಿಲ್ಲ. ಎಳನೀರಿನ ರುಚಿ ಕೆಟ್ಟಿತು ಎಂದರು ತೆಂಗಿನ ತೋಟದವರು. ಬಾವಿಯ ನೀರು ದನಗಳು ಮೂಸಿ ಬಿಡುವಂತಾಯಿತು. ಬಾವಿ ನೀರಾವರಿಯನ್ನೇ ನಂಬಿದ್ದ ಸೀಮೆಯಲ್ಲಿ ಇದು ಒಂದು ಹಂಗಾಮಿನ ನಷ್ಟವಲ್ಲ. ಹೊಳೆಯನ್ನು ಒಂದು ಮಳೆಗಾಲ ತೊಳೆಯಬಹುದು, ಅಂತರ್ಜಲ ತಿಳಿಯಾಗಲು ದಶಕಗಳು ಬೇಕು. ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪಾಲ್ ಅಪ್ಪಸಾಮಿ ಮತ್ತು ಪ್ರಕಾಶ್ ನೆಲ್ಲಿಯಾಟ್ ಬೆಳೆ, ಕುಡಿಯುವ ನೀರು, ಮೀನುಗಾರಿಕೆ ಎಲ್ಲದರ ನಷ್ಟವನ್ನೂ ಲೆಕ್ಕ ಹಾಕಲು ಯತ್ನಿಸಿದ್ದು ಇದನ್ನೇ ಕಂಡು.

ಘಟಕಗಳ ಮಾಲೀಕರ ವಾದ ಬೇರೆ ಇತ್ತು. ಈ ಸೀಮೆಯ ಅಂತರ್ಜಲ ಮೊದಲಿನಿಂದಲೂ ತುಸು ಉಪ್ಪು, ಜೊತೆಗೆ ಕೊಯಮತ್ತೂರಿನ ಕೊಳಚೆಯೂ ಇದೇ ಹೊಳೆಯಲ್ಲಿ ಬರುತ್ತದೆ, ಎಲ್ಲ ಪಾಪವನ್ನೂ ನಮ್ಮ ತಲೆಗೇ ಕಟ್ಟಬೇಡಿ ಎಂದರು. ಇದರಲ್ಲಿ ಹುರುಳಿಲ್ಲದಿಲ್ಲ, ಒಣನಾಡಿನ ಬಾವಿಗಳಲ್ಲಿ ಒಗರು ಇದ್ದೇ ಇರುತ್ತದೆ. ಆದರೆ ತಿರುಪ್ಪೂರಿನ ಮೇಲ್ಗಡೆಯ ನೀರಿಗೂ ಕೆಳಗಡೆಯ ನೀರಿಗೂ ಇರುವ ಅಂತರವನ್ನು ಈ ವಾದ ವಿವರಿಸಲಾರದು. ನ್ಯಾಯಾಲಯಗಳೂ ಅದನ್ನು ಒಪ್ಪಲಿಲ್ಲ.

ರೈತರು ಕೋರ್ಟಿನ ಮೆಟ್ಟಿಲು ಹತ್ತಿದ್ದು 1996ರಲ್ಲಿ. ಕರೂರು ತಾಲೂಕಿನ ನೊಯ್ಯಲ್ ಕಾಲುವೆಯ ಕೃಷಿಕರ ಸಂಘ ಮದ್ರಾಸ್ ಹೈಕೋರ್ಟಿಗೆ ರಿಟ್ ಹಾಕಿತು. ಅದೇ ವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಪಾಲಾರ್ ನದಿಯ ಚರ್ಮ ಹದ ಮಾಡುವ ಕಾರ್ಖಾನೆಗಳ ಕುರಿತ ವೆಲ್ಲೂರು ಮೊಕದ್ದಮೆಯಲ್ಲಿ ತೀರ್ಪಿತ್ತಿತ್ತು. ಚರ್ಮ ವಿದೇಶಿ ವಿನಿಮಯ ತರುತ್ತದೆ ಎಂಬುದು ನೀರು ಕೆಡಿಸಲು ಪರವಾನಗಿಯಾಗದು, ಕೆಡಿಸಿದವನೇ ದಂಡ ತೆರಬೇಕು ಎಂಬ ತತ್ವ ನಮ್ಮ ಕಾನೂನಿನಲ್ಲಿ ನೆಲೆಯೂರಿದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಬರೆದ ಆ ತೀರ್ಪಿನಿಂದ. ತಿರುಪ್ಪೂರಿನವರ ಹಣೆಬರಹವೂ ಅಲ್ಲೇ ಅರ್ಧ ತೀರ್ಮಾನವಾಗಿತ್ತು. 1998ರಲ್ಲಿ ಹೈಕೋರ್ಟು ಶುದ್ಧೀಕರಣ ಘಟಕ ಕಟ್ಟಲೇಬೇಕು ಎಂದಿತು. ಎಂಟು ಸಾಮೂಹಿಕ ಘಟಕಗಳು ಎದ್ದವು, ಉಳಿದವರು ತಮ್ಮ ತಮ್ಮ ಅಂಗಳದಲ್ಲಿ ತೊಟ್ಟಿ ಕಟ್ಟಿಕೊಂಡರು. ಕೋಟಿಗಟ್ಟಲೆ ಖರ್ಚಾಯಿತು. ಹೊರಬಂದ ನೀರು ತಿಳಿಯಾಗಿತ್ತು, ಉಪ್ಪು ಇದ್ದಷ್ಟೇ ಇತ್ತು. ಈ ಘಟಕಗಳಿಂದ ಉಪ್ಪು ಹೋಗದು ಎಂಬುದು ಅವನ್ನು ವಿನ್ಯಾಸ ಮಾಡಿದವರಿಗೂ ಒಪ್ಪಿಗೆ ಕೊಟ್ಟವರಿಗೂ ಗೊತ್ತಿರದ ವಿದ್ಯೆಯೇನಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೇಸರ ತರಿಸುವ ಅಧ್ಯಾಯ ಇದು.

2003ರಲ್ಲಿ ನೊಯ್ಯಲ್ ನದಿ ಅಚ್ಚುಕಟ್ಟುದಾರರ ರಕ್ಷಣಾ ಸಂಘ ಮತ್ತೆ ಹೈಕೋರ್ಟಿಗೆ ಹೋಯಿತು. 2006ರ ಡಿಸೆಂಬರ್ 22ರಂದು ಬಂದ ತೀರ್ಪು ಈ ಸಲ ಉಪ್ಪನ್ನೇ ಹಿಡಿಯಿತು. 2007ರ ಜುಲೈ ಒಳಗೆ ಒಂದು ತೊಟ್ಟು ತ್ಯಾಜ್ಯವೂ ಹೊರಬೀಳದ ವ್ಯವಸ್ಥೆ ಆಗಬೇಕು, ಅಲ್ಲಿಯವರೆಗೆ ಹೊಳೆಗೆ ಬಿಡುವ ಪ್ರತಿ ಲೀಟರಿಗೆ 6 ಪೈಸೆಯಿಂದ ಶುರುವಾಗಿ 8, 10 ಪೈಸೆಗೆ ಏರುವ ದಂಡ ಕಟ್ಟಬೇಕು ಎಂದಿತು. ಆರು ಪೈಸೆ ಎಂದರೆ ಏನು ಎನ್ನಿಸಬಹುದು. ದಿನದ ಎಂಟು ಕೋಟಿಗೂ ಮೀರಿದ ಲೀಟರಿಗೆ ಗುಣಿಸಿದರೆ ದಿನವೂ ಅರ್ಧ ಕೋಟಿ ರೂಪಾಯಿಯ ಆಸುಪಾಸು. ಡೈಯಿಂಗ್ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 2009ರ ಅಕ್ಟೋಬರ್ 6ರಂದು ಅಲ್ಲಿಯೂ ಸೋತರು.

ಪರಿಹಾರದ ಲೆಕ್ಕವನ್ನೂ ನೋಡಬೇಕು. ವೆಲ್ಲೂರು ತೀರ್ಪಿನ ಫಲವಾಗಿ ಹುಟ್ಟಿದ ಪರಿಸರ ನಷ್ಟ ಪ್ರಾಧಿಕಾರ 68 ಹಳ್ಳಿಗಳ 28,596 ರೈತರಿಗೆ ಒಟ್ಟು ಸುಮಾರು 24.8 ಕೋಟಿ ರೂಪಾಯಿ ನಿಗದಿ ಮಾಡಿತ್ತು. ಹಂಚಿದರೆ ಸರಾಸರಿ ತಲೆಗೆ ಎಂಟು ಸಾವಿರದ ಆರು ನೂರು ಚಿಲ್ಲರೆ. ವರ್ಷಕ್ಕೆ 11,000 ಕೋಟಿಯ ರಫ್ತೆಂದರೆ ದಿನಕ್ಕೆ ಮೂವತ್ತು ಕೋಟಿ. ಅಷ್ಟೂ ಹಳ್ಳಿಗಳ, ವರ್ಷಗಟ್ಟಲೆಯ ನಷ್ಟಕ್ಕೆ ಕಟ್ಟಿದ ಬೆಲೆ ಊರಿನ ಒಂದು ದಿನದ ರಫ್ತಿಗೂ ಸಮವಾಗಲಿಲ್ಲ.

ಸುಪ್ರೀಂ ಕೋರ್ಟು ಕೊಟ್ಟ ಗಡುವೂ ಮೀರಿತು. ರೈತರು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದರು. 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟು ಎಲ್ಲ ಡೈಯಿಂಗ್, ಬ್ಲೀಚಿಂಗ್ ಘಟಕಗಳನ್ನೂ ಮುಚ್ಚಿಸಿ, ವಿದ್ಯುತ್ ಕಡಿಯಿರಿ ಎಂದಿತು. ಏಳು ನೂರಕ್ಕೂ ಹೆಚ್ಚು ಘಟಕಗಳು ಒಟ್ಟಿಗೆ ನಿಂತವು. ಬಣ್ಣವಿಲ್ಲದೆ ಹೆಣೆದ ಬಟ್ಟೆ ಮುಂದೆ ಹೋಗದು. ಹೊಲಿಗೆಯವರು, ಪ್ರಿಂಟಿನವರು, ಚೆಕಿಂಗಿನ ಹೆಂಗಸರು, ಲಾರಿಯವರು ಎಲ್ಲರೂ ಕೈಕಟ್ಟಿ ಕೂರುವಂತಾಯಿತು. ವಲಸೆ ಬಂದವರು ಗಂಟುಮೂಟೆ ಕಟ್ಟಿ ಊರಿಗೆ ಹೊರಟರು. ಕೆಲವು ರಫ್ತುದಾರರು ಬಟ್ಟೆಯನ್ನು ಲೂಧಿಯಾನ, ಅಹಮದಾಬಾದ್‌ವರೆಗೂ ಕಳಿಸಿ ಬಣ್ಣ ಹಾಕಿಸಿದರು. ಈರೋಡು, ಸೇಲಂ, ನಾಮಕ್ಕಲ್ ಕಡೆ ರಾತ್ರೋರಾತ್ರಿ ನಡೆಯುವ ಕಳ್ಳ ಘಟಕಗಳು ಹುಟ್ಟಿಕೊಂಡವು. ಅದೇ ಜನವರಿಯ ಒಂದನೇ ತಾರೀಕಿನಿಂದ ಐರೋಪ್ಯ ಒಕ್ಕೂಟ ಬಡದೇಶಗಳ ಉಡುಪಿನ ಮೂಲದ ನಿಯಮ ಸಡಿಲಿಸಿತ್ತು. ಎಲ್ಲಿಯದೋ ಬಟ್ಟೆ ತಂದು ಬಾಂಗ್ಲಾದೇಶದಲ್ಲಿ ಹೊಲಿದರೂ ಸುಂಕವಿಲ್ಲದೆ ಯುರೋಪಿಗೆ ಹೋಗಬಹುದಿತ್ತು. ಕೊಳ್ಳುವವನಿಗೆ ತಿರುಪ್ಪೂರು ಮುಚ್ಚಿದ್ದು ಒಂದು ಕರೆಯಲ್ಲಿ ಪರಿಹಾರವಾಗುವ ತೊಂದರೆ.

ಆ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಜಯಲಲಿತಾ ಸರ್ಕಾರ 200 ಕೋಟಿ ರೂಪಾಯಿ ಬಡ್ಡಿರಹಿತ ಸಾಲ ಕೊಟ್ಟಿತು. ಅರುಳ್‌ಪುರಂನ ಸಾಮೂಹಿಕ ಘಟಕದಲ್ಲಿ ಹೊಸ ವಿಧಾನ ಪರೀಕ್ಷಿಸಿದರು. ಮೊದಲು ಸೂಕ್ಷ್ಮಾಣುಗಳಿಂದ ಕೊಳೆ ಕಳೆದು, ಆಮೇಲೆ ರಿವರ್ಸ್ ಆಸ್ಮೋಸಿಸ್ ಪೊರೆಯ ಮೂಲಕ ಒತ್ತಡದಲ್ಲಿ ಹಾಯಿಸಿದರೆ ಹೆಚ್ಚಿನ ನೀರು ಸಿಹಿಯಾಗಿ ಸಿಗುತ್ತದೆ, ಅದು ಮತ್ತೆ ಡೈಯಿಂಗಿಗೆ. ಉಳಿದ ಗಟ್ಟಿ ಉಪ್ಪುನೀರಿನಲ್ಲಿ ಸಾಧ್ಯವಾದಷ್ಟನ್ನು ಹಾಗೆಯೇ ಬಣ್ಣದ ತೊಟ್ಟಿಗೆ ಮರುಬಳಕೆ. ಮಿಕ್ಕಿದ್ದನ್ನು ಉಗಿಯ ಬಾಣಲೆಗಳಲ್ಲಿ ಸರಣಿಯಾಗಿ ಕಾಯಿಸಿ ಬತ್ತಿಸುವುದು. ಒಂದೊಂದಾಗಿ ಘಟಕಗಳು ತೆರೆದವು. ಇಷ್ಟು ದೊಡ್ಡ ಜವಳಿ ಊರೊಂದು ತ್ಯಾಜ್ಯನೀರನ್ನೇ ಹೊರಬಿಡದೆ ಬಣ್ಣ ಹಾಕುವುದನ್ನು ಕಲಿತದ್ದು ಸಣ್ಣ ಸಾಧನೆಯಲ್ಲ. ಈಗ ತಿರುಪ್ಪೂರಿನ ರಫ್ತು 30,000 ಕೋಟಿ ದಾಟಿದೆ, ಬ್ರ್ಯಾಂಡುಗಳು ಈ ವ್ಯವಸ್ಥೆಯನ್ನು ತಮ್ಮ ವರದಿಗಳಲ್ಲಿ ಹೆಮ್ಮೆಯಿಂದ ತೋರಿಸುತ್ತವೆ.

ಅದು ಎಷ್ಟರ ಮಟ್ಟಿಗೆ ಗೆಲುವು ಎಂಬ ಬಗ್ಗೆ ಒಮ್ಮತವಿಲ್ಲ. ಸ್ವೀಡನ್ನಿನ ಸಂಶೋಧಕಿಯರಾದ ಜೆನ್ನಿ ಗ್ರೋನ್‌ವಾಲ್ ಮತ್ತು ಅನ್ನಾ ಯೋನ್ಸನ್ ಈ ಬದಲಾವಣೆಯ ಹಿಂದಿದ್ದ ಕೋರ್ಟಿನ ಒತ್ತಡವನ್ನು, ಅದಕ್ಕೆ ತೆತ್ತ ಬೆಲೆಯನ್ನು ವಿವರವಾಗಿ ಬರೆದಿದ್ದಾರೆ. ನೀರು ಕುದಿಸಿ ಬತ್ತಿಸಲು ಸೌದೆ, ಕಲ್ಲಿದ್ದಲು, ವಿದ್ಯುತ್ ಬೇಕು, ಹೊಳೆಯ ಹೊರೆ ಗಾಳಿಗೆ ವರ್ಗವಾಗುತ್ತದೆ. ಶುದ್ಧ ಉಪ್ಪು ಮತ್ತೆ ಬಳಕೆಗೆ ಬಂದರೂ, ಬಗೆಬಗೆಯ ಲವಣ ಬೆರೆತ ಗಸಿಯನ್ನು ಕೊಳ್ಳುವವರಿಲ್ಲ, ಮೂಟೆಗಳಲ್ಲಿ ಶೆಡ್ಡುಗಳಡಿ ಪೇರಿಸಿಡಬೇಕು. ಮುಚ್ಚಿದ ಸಣ್ಣ ಘಟಕಗಳು ಬಹಳಷ್ಟು ಮತ್ತೆ ತೆರೆಯಲೇ ಇಲ್ಲ, ವೆಚ್ಚ ಭರಿಸಬಲ್ಲವರು ಉಳಿದರು. ಒರತ್ತುಪಾಳಯಂ ಸುತ್ತಲಿನ ಬಾವಿಗಳಿಗೆ ಇದರಿಂದ ಹೆಚ್ಚೇನೂ ಆಗಿಲ್ಲ, ಹಳೆಯ ಉಪ್ಪು ಮಣ್ಣಿನಲ್ಲಿದೆ.

ಹದಿನೈದು ವರ್ಷದ ಆ ಮೊಕದ್ದಮೆಯ ಕಾಗದಗಳಲ್ಲಿ ಪ್ರತಿವಾದಿಗಳ ಪಟ್ಟಿ ನೋಡಿದರೆ ಡೈಯಿಂಗ್ ಘಟಕಗಳವರಿದ್ದಾರೆ, ಮಾಲಿನ್ಯ ನಿಯಂತ್ರಣ ಮಂಡಳಿಯಿದೆ, ಸರ್ಕಾರವಿದೆ. ಸರಪಳಿಯಲ್ಲಿ ಅತ್ಯಂತ ಕಡಿಮೆ ಲಾಭ ಉಳಿಸಿಕೊಂಡ, ಬಟ್ಟೆಯ ಮೇಲೆ ಹಕ್ಕೇ ಇಲ್ಲದ ಜಾಬ್ ವರ್ಕಿನವನ ಕೊರಳಿಗೆ ಕಾನೂನಿನ ಕೈ ತಲುಪಿತು. ಯಾವ ಬಣ್ಣ ಬೇಕು, ಎಷ್ಟು ದಿನದಲ್ಲಿ ಬೇಕು, ಎಷ್ಟು ಬೆಲೆಗೆ ಬೇಕು ಎಂದು ತೀರ್ಮಾನಿಸಿದ ಅಂಗಡಿಗಳ ಹೆಸರು ಅಲ್ಲಿ ಬರುವುದಿಲ್ಲ. ಬರುವಂತೆಯೂ ಇರಲಿಲ್ಲ, ನಮ್ಮ ಹೈಕೋರ್ಟಿನ ಅಧಿಕಾರ ಬಂದರಿನಲ್ಲಿ ಮುಗಿಯುತ್ತದೆ. ದೊಡ್ಡ ಕಂಪನಿಗಳು ತಮ್ಮ ಪೂರೈಕೆದಾರರು ಮಾಡುವ ಪರಿಸರ ಹಾನಿಗೂ ಉತ್ತರ ಹೇಳಬೇಕು ಎಂಬ ನಿರ್ದೇಶನವನ್ನು ಐರೋಪ್ಯ ಒಕ್ಕೂಟ ಅಂಗೀಕರಿಸಿದ್ದು 2024ರಲ್ಲಿ, ವೆರೋನಾ ತಿರುಪ್ಪೂರಿಗೆ ಬಂದು ನಲವತ್ತಾರು ವರ್ಷಗಳಾದ ಮೇಲೆ. ಮರುವರ್ಷ ಏಪ್ರಿಲಿನಲ್ಲಿ, ಉದ್ಯಮಗಳಿಗೆ ಹೊರೆಯಾಗುತ್ತದೆ ಎಂದು, ಅದರ ಜಾರಿಯನ್ನು ಮುಂದೂಡಿದರು.